ನಮ್ಮೊಳಗಿನ ಟೊಳ್ಳು

ನಮ್ಮ ಮಾತಿನಲ್ಲಿ ಟೊಳ್ಳು ಎಂಬ ಪದಕ್ಕೆ ಅಷ್ಟೇನೂ ಮರ್ಯಾದೆಯಿಲ್ಲ. ಹುರುಳಿಲ್ಲದ ಮಾತನ್ನು ಟೊಳ್ಳು ಮಾತೆನ್ನುತ್ತೇವೆ. ಆಧಾರವಿಲ್ಲದ ವಾದವನ್ನು ಟೊಳ್ಳು ವಾದವೆಂದು ತಳ್ಳಿಹಾಕುತ್ತೇವೆ. ಆದರೆ ಮನೆಯೊಳಗೆ ಒಮ್ಮೆ ಕಣ್ಣು ಹಾಯಿಸಿದರೆ ಟೊಳ್ಳಿನ ಬೆಲೆ ಏನೆಂಬುದು ತಿಳಿಯುತ್ತದೆ. ಕೊಡದಲ್ಲಿ ನೀರು ನಿಲ್ಲುವುದು ಅದು ಟೊಳ್ಳಾಗಿರುವುದರಿಂದ. ಕಣಜದಲ್ಲಿ ಕಾಳು ತುಂಬುವುದೂ ಕೊಳಲಿನಲ್ಲಿ ನಾದ ಹೊಮ್ಮುವುದೂ ಅದೇ ಕಾರಣದಿಂದ. ಮಣ್ಣಿನ ಮುದ್ದೆಯಲ್ಲಿ ಟೊಳ್ಳು ಮಾಡಿದ ಮೇಲೆಯೇ ಕುಂಬಾರನಿಗೆ ಗಡಿಗೆ ದೊರೆಯುತ್ತದೆ.

ನಮ್ಮ ದೇಹದ ಅಂಗಗಳಲ್ಲಿಯೂ ಗಟ್ಟಿ, ಟೊಳ್ಳು ಎಂದು ಎರಡು ಬಗೆಗಳುಂಟು. ಯಕೃತ್ತು, ಮೂತ್ರಪಿಂಡ, ಗುಲ್ಮ, ಮೇದೋಜೀರಕ ಗ್ರಂಥಿ ಇವು ಗಟ್ಟಿ ಅಂಗಗಳು. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಪಿತ್ತಕೋಶ, ಮೂತ್ರನಾಳ, ಮೂತ್ರಕೋಶ, ಗರ್ಭಕೋಶ ಇವು ಟೊಳ್ಳು ಅಂಗಗಳು. ಹೃದಯವೂ ರಕ್ತನಾಳಗಳೂ ಟೊಳ್ಳೇ ಆದರೂ ಅವು ಹೊರಕ್ಕೆ ಬಾಯಿಲ್ಲದ ಮುಚ್ಚಿದ ವ್ಯವಸ್ಥೆ. ಅವುಗಳ ಕಥೆಯೇ ಬೇರೆ. ಹೊರಲೋಕಕ್ಕೆ ಒಂದಲ್ಲ ಒಂದು ದಾರಿಯಿಂದ ಬಾಯಿ ತೆರೆದಿರುವ ಟೊಳ್ಳು ಅಂಗಗಳನ್ನು ಮಾತ್ರ ನಾವು ಇಲ್ಲಿ ಪರಿಶೀಲಿಸೋಣ. ಅವುಗಳ ಕೆಲಸವೇನು, ಅವು ಕೆಟ್ಟಾಗ ಪ್ರಾಣಕ್ಕೆ ಸಂಚಕಾರ ಬರುವುದೇಕೆ ಎಂಬುದನ್ನು ತಿಳಿಯಬೇಕಾದರೆ ಈ ಬಾಯಿಯ ಸಂಗತಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಒಳಗೋ, ಹೊರಗೋ?

ಮಗುವೊಂದು ಆಟವಾಡುತ್ತ ಸಣ್ಣ ನಾಣ್ಯವೊಂದನ್ನು ನುಂಗಿತೆಂದು ಭಾವಿಸೋಣ. ಮನೆಯವರು ಗಾಬರಿಯಾಗುತ್ತಾರೆ, ಮಗುವನ್ನು ವೈದ್ಯರಿಗೆ ತೋರಿಸುವುದೂ ಅಗತ್ಯ. ನಾಣ್ಯ ಅನ್ನನಾಳದಲ್ಲಿ ಸಿಕ್ಕಿಕೊಳ್ಳದೆ ಜಠರಕ್ಕೆ ಇಳಿದಿದ್ದರೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಲದೊಡನೆ ತಾನಾಗಿಯೇ ಹೊರಬೀಳುತ್ತದೆ. ಈಗ ಒಂದು ಪ್ರಶ್ನೆ: ಅಷ್ಟು ದಿನವೂ ಆ ನಾಣ್ಯ ಮಗುವಿನ ದೇಹದೊಳಗೆ ಇತ್ತೇ?

ಇತ್ತೆಂದೇ ಎಲ್ಲರೂ ಹೇಳುವರು. ಶರೀರಶಾಸ್ತ್ರಜ್ಞನು ಹೇಳುವುದು ಬೇರೆ. ಬಾಯಿಂದ ಗುದದವರೆಗೆ ಅನ್ನಮಾರ್ಗವು ಎರಡು ತುದಿಯೂ ತೆರೆದ ಒಂದೇ ಕೊಳವೆ. ಮಣಿಯ ತೂತಿನಲ್ಲಿ ದಾರ ಹಾಯ್ದುಹೋದರೂ ಆ ದಾರ ಮಣಿಯ ಗಾಜಿನೊಳಗೆ ಸೇರಿದಂತಾಗಲಿಲ್ಲ. ಅಂತೆಯೇ ನಾಣ್ಯವೂ ದೇಹದ ನಡುವೆ ಹಾಯ್ದುಹೋಯಿತೇ ಹೊರತು ದೇಹವನ್ನು ಹೊಗಲಿಲ್ಲ. ನಾವು ಉಂಡ ಅನ್ನವೂ ಹಾಗೆಯೇ. ಅದು ಕರಗಿ ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಿದಾಗ ಮಾತ್ರ ನಿಜವಾಗಿ ಒಳಗೆ ಬಂದಂತೆ. ಅದುವರೆಗೆ ಅದು ನಮ್ಮ ಹೊಟ್ಟೆಯಲ್ಲಿದ್ದೂ ನಮ್ಮ ಹೊರಗಿರುವ ವಸ್ತು.

ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ದೊಡ್ಡ ಕರುಳಿನಲ್ಲಿ ಮನೆಮಾಡಿಕೊಂಡಿದ್ದರೂ ನಾವು ಆರೋಗ್ಯವಾಗಿರುವುದು ಇದರಿಂದಲೇ. ಅವೇ ಬ್ಯಾಕ್ಟೀರಿಯಗಳು ಗೋಡೆಯನ್ನು ದಾಟಿ ಉದರದ ಕುಹರಕ್ಕೆ ಇಳಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಒದಗುತ್ತದೆ. ಹೀಗೆ ಟೊಳ್ಳು ಅಂಗದ ಗೋಡೆಯೆಂಬುದು ನಮ್ಮ ದೇಹದ ಗಡಿ. ಅದು ಬೇಕಾದುದನ್ನು ಒಳಗೆ ಬಿಡಬೇಕು, ಬೇಡವಾದುದನ್ನು ತಡೆಯಬೇಕು; ಜೊತೆಗೆ ತನ್ನಲ್ಲಿ ತುಂಬಿದುದನ್ನು ಸಕಾಲದಲ್ಲಿ ಮುಂದಕ್ಕೆ ತಳ್ಳಬೇಕು.

ಗೋಡೆಯ ನಾಲ್ಕು ಪದರಗಳು

ಕರುಳಿನ ಒಂದು ತುಂಡನ್ನು ಅಡ್ಡಲಾಗಿ ಕೊಯ್ದು, ತೆಳುವಾದ ಪಟಲವನ್ನು ಬಣ್ಣದಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದರ ಸುತ್ತ ಒಂದರಂತೆ ನಾಲ್ಕು ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಒಳಗಿನದು ಲೋಳೆಪೊರೆ. ಅದರ ಹಿಂದೆ ರಕ್ತನಾಳಗಳನ್ನೂ ನರಗಳನ್ನೂ ಹೊತ್ತ ಸಡಿಲವಾದ ಅಡಿಪೊರೆ. ಮೂರನೆಯದು ಸ್ನಾಯುವಿನ ಪದರ. ಹೊರಗಿನದು ನುಣುಪಾದ, ತೇವದಿಂದ ಹೊಳೆಯುವ ಹೊರಪೊರೆ. ಉದರದಲ್ಲಿ ಕರುಳಿನ ಸುರುಳಿಗಳು ಒಂದಕ್ಕೊಂದು ಉಜ್ಜಿದರೂ ಸವೆಯದೆ ಜಾರಿಕೊಳ್ಳುವುದು ಈ ಹೊರಪೊರೆಯಿಂದ.

ಅನ್ನನಾಳದಿಂದ ಗುದದವರೆಗೆ ಮೂಲನಕ್ಷೆ ಇದೇ. ಮೂತ್ರಕೋಶ, ಗರ್ಭಕೋಶಗಳಲ್ಲಿಯೂ ಒಳಗೊಂದು ಪೊರೆ, ನಡುವೆ ಸ್ನಾಯು, ಹೊರಗೊಂದು ಹೊದಿಕೆ ಎಂಬ ಕ್ರಮ ತಪ್ಪಿಲ್ಲ. ಅಂಗದ ಕೆಲಸಕ್ಕೆ ತಕ್ಕಂತೆ ಒಂದೊಂದು ಪದರ ದಪ್ಪವಾಗಿಯೋ ತೆಳುವಾಗಿಯೋ ಮಾರ್ಪಟ್ಟಿದೆ, ಅಷ್ಟೆ. ಅನ್ನನಾಳದ ಕೆಲಸ ಉಜ್ಜಿಕೊಂಡು ಹೋಗುವ ತುತ್ತನ್ನು ಸಾಗಿಸುವುದು. ಅಲ್ಲಿ ಒಳಪೊರೆಯ ಜೀವಕೋಶಗಳು ಇಟ್ಟಿಗೆಯಂತೆ ಹಲವು ಸಾಲುಗಳಲ್ಲಿ ಪೇರಿಸಿವೆ. ಸಣ್ಣ ಕರುಳಿನ ಕೆಲಸ ಹೀರಿಕೊಳ್ಳುವುದು. ಅಲ್ಲಿ ಜೀವಕೋಶಗಳದು ಒಂದೇ ಸಾಲು. ಸವೆಯುವ ಕಡೆ ದಪ್ಪ, ಹೀರುವ ಕಡೆ ತೆಳು. ಈ ನಿಯಮವನ್ನು ನೆನಪಿನಲ್ಲಿಟ್ಟುಕೊಂಡರೆ ಅಂಗರಚನೆಯ ಎಷ್ಟೋ ಪಾಠಗಳು ಬಾಯಿಪಾಠದ ಹಂಗಿಲ್ಲದೆ ಅರ್ಥವಾಗುತ್ತವೆ.

ಒಳಪೊರೆಯ ವ್ಯವಹಾರ

ಸಣ್ಣ ಕರುಳಿನ ಒಳಮೈ ನುಣುಪಾಗಿಲ್ಲ. ಮೊದಲು ಅದರಲ್ಲಿ ಅಡ್ಡ ಮಡಿಕೆಗಳಿವೆ. ಮಡಿಕೆಗಳ ಮೇಲೆ ಮಖಮಲ್ಲಿನ ನವುರಿನಂತೆ, ಒಂದು ಮಿಲಿಮೀಟರಿಗೂ ಮಿಕ್ಕದ ಬೆರಳಿನಂಥ ಕುಡಿಗಳಿವೆ. ಇವುಗಳಿಗೆ ವಿಲ್ಲೈ ಎಂದು ಹೆಸರು. ಪ್ರತಿಯೊಂದು ಕುಡಿಯನ್ನು ಹೊದ್ದ ಜೀವಕೋಶಗಳ ಮೇಲೆ ಇನ್ನೂ ಸಣ್ಣ ಸೂಕ್ಷ್ಮ ಕುಡಿಗಳು. ಹೀಗೆ ಮಡಿಕೆಯ ಮೇಲೆ ಕುಡಿ, ಕುಡಿಯ ಮೇಲೆ ಕುಡಿ ಸೇರಿ ಮೈಯ ಹರವು ಹೆಚ್ಚುತ್ತದೆ. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಅಳೆದು ಹೇಳಿದ ಪ್ರಕಾರ ಇಡೀ ಅನ್ನಮಾರ್ಗದ ಒಳಮೈ ಸುಮಾರು 32 ಚದರ ಮೀಟರ್. ಮೈಮೇಲಿನ ಚರ್ಮದ ಹರವು ಎರಡು ಚದರ ಮೀಟರಿನಷ್ಟೂ ಇರದು. ಹೊರಲೋಕದೊಡನೆ ನಮಗಿರುವ ಹೆಚ್ಚಿನ ಸಂಪರ್ಕ ಚರ್ಮದ ಮೂಲಕವಲ್ಲ, ಕರುಳಿನ ಮೂಲಕ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟು ದೊಡ್ಡ ಗಡಿಯನ್ನು ಒಂದೇ ಸಾಲು ಜೀವಕೋಶಗಳು ಕಾಯುವುದು ಸುಲಭದ ಮಾತಲ್ಲ. ಆದುದರಿಂದಲೇ ಆ ಕಾವಲಿನವರು ಬಹಳ ಕಾಲ ನಿಲ್ಲುವುದಿಲ್ಲ. ಕುಡಿಗಳ ಬುಡದಲ್ಲಿ ಹೊಸ ಜೀವಕೋಶಗಳು ಹುಟ್ಟಿ ಮೇಲೇರುತ್ತ, ಮೂರರಿಂದ ಐದು ದಿನಗಳಲ್ಲಿ ತುದಿ ತಲುಪಿ ಉದುರಿಹೋಗುತ್ತವೆ. ಹೋದ ವಾರ ನಮ್ಮ ಊಟವನ್ನು ಹೀರಿದ ಪೊರೆ ಇಂದು ಇಲ್ಲ.

ಈ ಪೊರೆಯಲ್ಲಿ ನಡೆಯುವ ನೀರಿನ ವ್ಯವಹಾರವಂತೂ ಬೆರಗು ಹುಟ್ಟಿಸುವಂಥದು. ನಾವು ದಿನಕ್ಕೆ ಕುಡಿಯುವುದೂ ಉಣ್ಣುವುದೂ ಸೇರಿ ಸುಮಾರು ಎರಡು ಲೀಟರ್ ನೀರು. ಎಂಜಲು, ಜಠರರಸ, ಪಿತ್ತ, ಮೇದೋರಸ, ಕರುಳಿನ ರಸ ಎಂದು ದೇಹವೇ ಸುರಿಸುವುದು ಮತ್ತೆ ಏಳು ಲೀಟರ್. ಒಟ್ಟು ಒಂಬತ್ತು ಲೀಟರಿನಲ್ಲಿ ಮಲದೊಡನೆ ಹೊರಹೋಗುವುದು ಒಂದು ಲೋಟದಷ್ಟು ಮಾತ್ರ. ಉಳಿದುದೆಲ್ಲವನ್ನೂ ಒಳಪೊರೆ ಹಿಂದಕ್ಕೆ ಹೀರಿಕೊಳ್ಳುತ್ತದೆ. ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಕಾಲರಾ ರೋಗಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕಲ್ಕತ್ತೆಯ ಒಂದು ಪ್ರಯೋಗ

ಕಾಲರಾ ರೋಗಾಣುವನ್ನು 1884ರಲ್ಲಿ ರಾಬರ್ಟ್ ಕಾಖ್ ಪ್ರತ್ಯೇಕಿಸಿದನು. ಆದರೆ ಅದು ಕೊಲ್ಲುವ ಬಗೆ ಹೇಗೆಂಬುದು ಮುಂದೆ ಎಪ್ಪತ್ತು ವರ್ಷ ಕಳೆದರೂ ಬಗೆಹರಿಯಲಿಲ್ಲ. ವಿಜ್ಞಾನಿಗಳು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೆ, ಉದರದ ಕುಹರಕ್ಕೆ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತರೂ ಮನುಷ್ಯನಿಗೆ ಬರುವಂಥ ವಾಂತಿಭೇದಿ ಕಾಣಿಸಲಿಲ್ಲ. ಕಲ್ಕತ್ತೆಯ ವೈದ್ಯ ಶಂಭುನಾಥ ಡೇ ಅವರಿಗೆ ಬೇರೊಂದು ವಿಚಾರ ಹೊಳೆಯಿತು. ರೋಗಾಣು ವಾಸಮಾಡುವುದು ಕರುಳಿನ ಟೊಳ್ಳಿನಲ್ಲಿ. ಹಾಗಾದರೆ ಅದನ್ನು ಆ ಟೊಳ್ಳಿನಲ್ಲಿಯೇ ಇಟ್ಟು ನೋಡಬೇಡವೇ? ಅವರು ಮೊಲದ ಸಣ್ಣ ಕರುಳಿನ ಒಂದು ತುಂಡಿಗೆ ಎರಡೂ ಕಡೆ ದಾರ ಕಟ್ಟಿ, ನಡುವೆ ರೋಗಾಣುಗಳನ್ನು ಬಿಟ್ಟರು. ಮಾರನೆಯ ದಿನ ನೋಡಿದರೆ ಆ ತುಂಡು ನೀರು ತುಂಬಿ ಉಬ್ಬಿತ್ತು. 1959ರಲ್ಲಿ ರೋಗಾಣುಗಳನ್ನೆಲ್ಲ ಸೋಸಿ ತೆಗೆದ ದ್ರವವನ್ನಷ್ಟೇ ಹಾಕಿ ನೋಡಿದರು. ಆಗಲೂ ಹಾಗೆಯೇ ಆಯಿತು. ಕೆಲಸ ಮಾಡುತ್ತಿದ್ದುದು ರೋಗಾಣು ಸ್ರವಿಸುವ ಒಂದು ನಂಜು ಎಂಬುದು ಸಿದ್ಧವಾಯಿತು.

ರೋಗಾಣು ಗೋಡೆಯನ್ನು ಒಡೆಯುವುದೇ ಇಲ್ಲ, ರಕ್ತವನ್ನು ಸೇರುವುದೂ ಇಲ್ಲ. ಅದು ಟೊಳ್ಳಿನಲ್ಲಿಯೇ ಕುಳಿತು, ಒಳಪೊರೆಯ ಜೀವಕೋಶಗಳು ಉಪ್ಪನ್ನೂ ನೀರನ್ನೂ ಎಡೆಬಿಡದೆ ಹೊರಚೆಲ್ಲುವಂತೆ ಮಾಡುತ್ತದೆ. ರೋಗ ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ನೀರು ಹರಿದುಹೋಗಬಹುದು. ಕಣ್ಣು ಗುಳಿಬಿದ್ದು, ನಾಡಿ ಕ್ಷೀಣಿಸಿ, ರೋಗಿ ಒಂದೇ ದಿನದಲ್ಲಿ ಸಾಯುವುದು ನೀರಿನ ಅಭಾವದಿಂದ.

ಇದಕ್ಕೆ ಪರಿಹಾರವೂ ಅದೇ ಪೊರೆಯಲ್ಲಿತ್ತು. ಕರುಳಿನ ಜೀವಕೋಶದಲ್ಲಿ ಗ್ಲೂಕೋಸಿಗೂ ಸೋಡಿಯಮ್ಮಿಗೂ ಜಂಟಿಯಾದ ಒಂದು ಬಾಗಿಲುಂಟೆಂದೂ, ಒಂದರ ಜೊತೆಗೆ ಇನ್ನೊಂದು ಒಳಬರುವುದೆಂದೂ 1960ರಲ್ಲಿ ರಾಬರ್ಟ್ ಕ್ರೇನ್ ಸೂಚಿಸಿದನು. ಇವೆರಡು ಒಳಬಂದರೆ ನೀರು ಹಿಂಬಾಲಿಸುತ್ತದೆ. ಕಾಲರಾ ನಂಜು ಈ ಬಾಗಿಲನ್ನು ಮುಚ್ಚಲಾರದು. ಆದಕಾರಣ ಬರಿಯ ನೀರು ನಿಲ್ಲದ ರೋಗಿಗೂ ಸಕ್ಕರೆ, ಉಪ್ಪು ಬೆರೆತ ನೀರು ದಕ್ಕುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಗಳಲ್ಲಿ ಕಿಕ್ಕಿರಿದಿದ್ದಾಗ ಕಾಲರಾ ಹಬ್ಬಿತು. ನರಕ್ಕೆ ಕೊಡುವ ಲವಣದ್ರಾವಣ ಮುಗಿಯುತ್ತ ಬಂದಿತ್ತು. ಡಾಕ್ಟರ್ ದಿಲೀಪ್ ಮಹಲನಬಿಸ್ ಮತ್ತು ಅವರ ಸಂಗಡಿಗರು ಗ್ಲೂಕೋಸು, ಉಪ್ಪು, ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 20–30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ ನಾಲ್ಕರೊಳಗೆ ಇಳಿಯಿತು.

ಓದುಗರು ಇದನ್ನು ನೆನಪಿಡುವುದು ಒಳ್ಳೆಯದು. ಔಷಧದಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕದ ಕಡೆ, ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಚಹಾ ಚಮಚ ಸಕ್ಕರೆ, ಮಟ್ಟವಾದ ಅರ್ಧ ಚಹಾ ಚಮಚ ಉಪ್ಪು ಕರಗಿಸಿ ಭೇದಿಯಾದವರಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ ವೈದ್ಯರ ಬಳಿಗೆ ಒಯ್ಯಬೇಕು. ಉಪ್ಪು ಈ ಅಳತೆಯನ್ನು ಮೀರಬಾರದು.

ನೂಕುವ ಸ್ನಾಯು, ನಡೆಸುವ ನರ

ಇನ್ನು ಮೂರನೆಯ ಪದರಕ್ಕೆ ಬರೋಣ. ಕರುಳಿನಲ್ಲಿ ಸ್ನಾಯು ಎರಡು ಸುತ್ತಾಗಿದೆ. ಒಳಗಿನ ಸುತ್ತಿನ ಎಳೆಗಳು ಬಳೆಯಂತೆ ಕೊಳವೆಯನ್ನು ಸುತ್ತಿವೆ. ಹೊರಗಿನವು ಉದ್ದಕ್ಕೆ ಹರಿದಿವೆ. ಬಳೆಯ ಎಳೆಗಳು ಬಿಗಿದರೆ ಕೊಳವೆ ಕಿರಿದಾಗುತ್ತದೆ. ಉದ್ದದ ಎಳೆಗಳು ಬಿಗಿದರೆ ಮೊಟಕಾಗುತ್ತದೆ. ಎರೆಹುಳು ನೆಲದ ಮೇಲೆ ಹರಿಯುವುದನ್ನು ನೋಡಿದವರಿಗೆ ಈ ಏರ್ಪಾಡು ಹೊಸತಲ್ಲ. ಈ ಬಿಗಿತ ಬದುಕಿರುವಷ್ಟು ಕಾಲವೂ ಇದ್ದೇ ಇರುತ್ತದೆ. ಬದುಕಿರುವವರಲ್ಲಿ ಮೂರರಿಂದ ಐದು ಮೀಟರ್ ಉದ್ದವಿರುವ ಸಣ್ಣ ಕರುಳು, ಸತ್ತ ಮೇಲೆ ಸಡಿಲಗೊಂಡು ಆರು ಮೀಟರಿಗೂ ಮಿಕ್ಕಿ ನೀಳುತ್ತದೆ.

ರಾಗಿಮುದ್ದೆಯ ತುತ್ತು ಗಂಟಲಿಳಿದ ಮೇಲೆ ತನ್ನ ಭಾರದಿಂದ ಜಠರಕ್ಕೆ ಬೀಳುವುದೆಂದು ಭಾವಿಸುವವರುಂಟು. ಹಾಗಲ್ಲ. ತುತ್ತಿನ ಹಿಂದೆ ಸ್ನಾಯು ಬಿಗಿಯುತ್ತದೆ, ಮುಂದೆ ಸಡಿಲುತ್ತದೆ. ಈ ಅಲೆ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ತಲೆಕೆಳಗಾಗಿ ನಿಂತವನೂ ನುಂಗಬಲ್ಲನು. ಭೂಮಿಯ ಸೆಳೆತದ ಅರಿವೇ ಆಗದ ಬಾಹ್ಯಾಕಾಶದಲ್ಲಿಯೂ ಯಾತ್ರಿಕರು ಉಣ್ಣುತ್ತಾರೆ. ಹಿಂದೆ ಬಿಗಿತ, ಮುಂದೆ ಸಡಿಲ ಎಂಬ ಈ ನಿಯಮವನ್ನು ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು 1899ರಲ್ಲಿ ಪ್ರಕಟಿಸಿದರು. ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದ ಮೇಲೂ ಈ ಅಲೆ ನಿಲ್ಲಲಿಲ್ಲ. ಏಕೆಂದರೆ ಕರುಳಿನ ಗೋಡೆಯಲ್ಲಿಯೇ, ಸ್ನಾಯುವಿನ ಎರಡು ಸುತ್ತುಗಳ ನಡುವೆ ಒಂದು, ಅಡಿಪೊರೆಯಲ್ಲಿ ಒಂದು, ಹೀಗೆ ಎರಡು ನರಜಾಲಗಳಿವೆ. ಅನ್ನಮಾರ್ಗದಲ್ಲಿರುವ ನರಕೋಶಗಳ ಸಂಖ್ಯೆ ಹತ್ತು ಕೋಟಿಗೂ ಮಿಕ್ಕುದು.

ಈ ನರಜಾಲ ಇಲ್ಲದಿದ್ದರೆ ಆಗುವುದೇನು? 1886ರಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್, ಹುಟ್ಟಿದಂದಿನಿಂದ ಮಲವಿಸರ್ಜನೆ ಸರಿಯಾಗಿ ಆಗದೆ, ಹೊಟ್ಟೆ ಉಬ್ಬಿ ತೀರಿಕೊಂಡ ಎರಡು ಶಿಶುಗಳ ವಿಷಯವನ್ನು ವರದಿಮಾಡಿದನು. ಆ ಶಿಶುಗಳ ದೊಡ್ಡ ಕರುಳು ವಿಪರೀತವಾಗಿ ಹಿಗ್ಗಿತ್ತು. ರೋಗವಿರುವುದು ಹಿಗ್ಗಿದ ಭಾಗದಲ್ಲಿಯೇ ಎಂದು ಬಹುಕಾಲ ವೈದ್ಯರು ನಂಬಿದರು. ಅದನ್ನು ಕೊಯ್ದು ತೆಗೆದರೂ ಗುಣವಾಗುತ್ತಿರಲಿಲ್ಲ. ನಿಜವಾದ ದೋಷ ಅದರ ಕೆಳಗೆ, ನೋಡಲು ಸರಿಯಾಗಿಯೇ ಕಾಣುವ ಕಿರಿದಾದ ಭಾಗದಲ್ಲಿತ್ತು. ಭ್ರೂಣದಲ್ಲಿ ನರಕೋಶಗಳು ಅನ್ನಮಾರ್ಗದ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಪಯಣಿಸುತ್ತವೆ. ಕೆಲವು ಶಿಶುಗಳಲ್ಲಿ ಈ ಪಯಣ ಕೊನೆಯ ಊರನ್ನು ತಲುಪುವ ಮುನ್ನವೇ ನಿಂತುಬಿಡುತ್ತದೆ. ನರಕೋಶವಿಲ್ಲದ ಆ ತುದಿಯಲ್ಲಿ ಸ್ನಾಯುವಿಗೆ ಸಡಿಲಿಸು ಎಂದು ಹೇಳುವವರಿಲ್ಲ; ಅದು ಸದಾ ಬಿಗಿದೇ ಇರುತ್ತದೆ. ಮೇಲಿನ ಆರೋಗ್ಯವಂತ ಕರುಳು ನೂಕಿ ನೂಕಿ ಸೋತು ಹಿಗ್ಗುತ್ತದೆ. 1948ರಲ್ಲಿ ಅಮೆರಿಕದ ಶಸ್ತ್ರವೈದ್ಯ ಆರ್ವರ್ ಸ್ವೆನ್ಸನ್ ಆ ಕಿರಿದಾದ ತುದಿಯನ್ನು ತೆಗೆದು, ನರವುಳ್ಳ ಕರುಳನ್ನು ಗುದದ ಬಳಿಗೆ ಎಳೆದು ಜೋಡಿಸುವ ವಿಧಾನವನ್ನು ಪ್ರಕಟಿಸಿದನು. ಸುಮಾರು ಐದು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ಈ ರೋಗ ಅಂದಿನಿಂದ ಗುಣವಾಗಬಲ್ಲ ರೋಗವಾಯಿತು. ಸಡಿಲಿಸುವುದೂ ಬಿಗಿಯುವುದರಷ್ಟೇ ಮುಖ್ಯವಾದ ಕೆಲಸವೆಂಬುದನ್ನು ವೈದ್ಯಶಾಸ್ತ್ರ ಕಲಿತುದು ಹೀಗೆ.

ತನ್ನನ್ನೇ ಏಕೆ ಅರಗಿಸಿಕೊಳ್ಳದು?

ಸಡಿಲಿಸುವ ಕಲೆಯಲ್ಲಿ ಜಠರ ನಿಪುಣ. ಬರಿದಾದ ಜಠರದ ಗೋಡೆಗಳು ಒಂದಕ್ಕೊಂದು ತಾಗಿದಂತೆ ಮುದುರಿ ಮಡಿಕೆಗಟ್ಟಿರುತ್ತವೆ. ಮೊದಲ ತುತ್ತು ಅನ್ನನಾಳದಲ್ಲಿರುವಾಗಲೇ ಅದು ಸಡಿಲಿಸತೊಡಗಿ, ಒಂದು ಒಂದೂವರೆ ಲೀಟರಿಗೆ ಎಡೆಮಾಡಿಕೊಡುತ್ತದೆ. ಇದರ ಸ್ನಾಯುವಿನಲ್ಲಿ ಎರಡರ ಬದಲು ಮೂರು ಸುತ್ತುಗಳಿರುವುದರಿಂದ ಬಂದುದನ್ನು ತಳ್ಳುವುದಷ್ಟೇ ಅಲ್ಲದೆ ಕಡೆಯಲೂ ಬಲ್ಲದು.

ಜಠರದೊಳಗಿನ ಕೆಲಸವನ್ನು ಕಣ್ಣಾರೆ ಕಂಡವರಲ್ಲಿ ಅಮೆರಿಕದ ಸೈನ್ಯವೈದ್ಯ ವಿಲಿಯಂ ಬೋಮಂಟ್ ಪ್ರಸಿದ್ಧನು. 1822ರ ಜೂನ್ 6ರಂದು ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಹತ್ತಿರದಿಂದ ಗುಂಡು ತಗುಲಿತು. ಬೋಮಂಟನ ಆರೈಕೆಯಿಂದ ಅವನು ಬದುಕಿದನು. ಆದರೆ ಜಠರದಿಂದ ಹೊರಕ್ಕೆ ತೆರೆದ ಒಂದು ರಂಧ್ರ ಮುಚ್ಚದೆ ಉಳಿಯಿತು. ಆ ರಂಧ್ರದ ಮೂಲಕ ಬೋಮಂಟ್ ರೇಷ್ಮೆ ದಾರಕ್ಕೆ ಕಟ್ಟಿದ ಮಾಂಸ, ರೊಟ್ಟಿ, ಎಲೆಕೋಸುಗಳನ್ನು ಇಳಿಬಿಟ್ಟು, ಆಗಾಗ ಎಳೆದು ನೋಡುತ್ತಿದ್ದನು. ಜಠರರಸವನ್ನು ಹೊರತೆಗೆದು ಬೆಚ್ಚಗಿನ ಸೀಸೆಯಲ್ಲಿಟ್ಟರೂ ಅದು ಮಾಂಸವನ್ನು ಕರಗಿಸಿತು. ಜೀರ್ಣಕ್ರಿಯೆ ಒಂದು ರಾಸಾಯನಿಕ ಕ್ರಿಯೆಯೆಂದು ಅವನು 1833ರ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು. ಈ ಪ್ರಯೋಗಗಳಿಗೆ ಒಡ್ಡಿಕೊಳ್ಳುವುದು ಸೇಂಟ್ ಮಾರ್ಟಿನ್ನನಿಗೆ ಹಿತವಾಗಿರಲಿಲ್ಲ. ಅವನು ಹಲವು ಸಲ ದೂರ ಸರಿದುಹೋದನು. ವಿಜ್ಞಾನ ಅವನಿಗೆ ಋಣಿಯಾಗಿದೆಯೆಂಬುದನ್ನು ಮರೆಯುವಂತಿಲ್ಲ.

ಮಾಂಸವನ್ನು ಕರಗಿಸುವ ರಸ, ಮಾಂಸದಿಂದಲೇ ಆದ ಜಠರವನ್ನು ಏಕೆ ಕರಗಿಸುವುದಿಲ್ಲ? ಒಳಪೊರೆಯ ಮೇಲೆ ಲೋಳೆಯ ಲೇಪವಿದೆ. ಆ ಲೇಪದೊಳಗೆ ಆಮ್ಲವನ್ನು ಶಮನಗೊಳಿಸುವ ಬೈಕಾರ್ಬೊನೇಟ್ ಇದೆ. ಪೆಪ್ಸಿನ್ ಎಂಬ ಪಾಚಕವು ಗ್ರಂಥಿಯಿಂದ ಹೊರಡುವಾಗ ನಿಷ್ಕ್ರಿಯವಾಗಿದ್ದು, ಟೊಳ್ಳಿನಲ್ಲಿ ಆಮ್ಲವನ್ನು ಕೂಡಿದ ಮೇಲೆಯೇ ಮೊನೆಗೊಳ್ಳುತ್ತದೆ. ಹಾಳಾದ ಜೀವಕೋಶಗಳ ಎಡೆಯನ್ನು ಹೊಸವು ಬೇಗ ತುಂಬುತ್ತವೆ. ಈ ರಕ್ಷಣೆ ಸೋತಲ್ಲಿ ಹುಣ್ಣಾಗುತ್ತದೆ.

ಹುಣ್ಣಿಗೆ ಚಿಂತೆ, ಖಾರ, ಅತಿಯಾದ ಆಮ್ಲಗಳೇ ಕಾರಣವೆಂದು ಬಹುಕಾಲ ತಿಳಿದಿದ್ದರು. ಆಸ್ಟ್ರೇಲಿಯದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್, ಜಠರದ ಲೋಳೆಯಲ್ಲಿ ಅಡಗಿ ಬಾಳುವ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯವನ್ನು 1982ರಲ್ಲಿ ಬೆಳೆಸಿ ತೋರಿಸಿದರು. ಅದರ ಹೆಸರು ಈಗ ಹೆಲಿಕೋಬ್ಯಾಕ್ಟರ್ ಪೈಲೋರಿ. ಯಾರೂ ಸುಲಭವಾಗಿ ನಂಬದಿರಲು, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡನು. ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಈ ಬಗೆಯ ಹುಣ್ಣಿಗೆ ಪ್ರತಿಜೈವಿಕ ಔಷಧಗಳಿಂದ ಚಿಕಿತ್ಸೆಯುಂಟು. ಕೆಲವು ನೋವಿನ ಮಾತ್ರೆಗಳೂ ಒಳಪೊರೆಯ ರಕ್ಷಣೆಯನ್ನು ಕುಗ್ಗಿಸಿ ಹುಣ್ಣು ತರುತ್ತವೆಯಾದ್ದರಿಂದ, ವೈದ್ಯರನ್ನು ಕೇಳದೆ ಅವನ್ನು ದಿನವೂ ನುಂಗುವುದು ತರವಲ್ಲ.

ತುಂಬುವ ಚೀಲಗಳು

ಮೂತ್ರಕೋಶ ಹೀರಿಕೊಳ್ಳುವ ಅಂಗವಲ್ಲ, ಕೂಡಿಡುವ ಅಂಗ. ಮೂತ್ರಪಿಂಡ ಶ್ರಮಪಟ್ಟು ಬೇರ್ಪಡಿಸಿದ ಕಶ್ಮಲ ಮತ್ತೆ ರಕ್ತಕ್ಕೆ ಜಿನುಗಬಾರದು. ಆದುದರಿಂದ ಇದರ ಒಳಪೊರೆ ನೀರಿಳಿಯದಷ್ಟು ಬಿಗಿಯಾಗಿದೆ; ಮೇಲಾಗಿ ಅದು ಹಿಗ್ಗಲೂ ಬಲ್ಲದು. ಬರಿದಾದಾಗ ಒಳಪೊರೆಯ ಜೀವಕೋಶಗಳು ಉಬ್ಬಿ ಹಲವು ಸಾಲಾಗಿ ನಿಲ್ಲುತ್ತವೆ. ತುಂಬಿದಾಗ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ನಾನೂರು ಐನೂರು ಮಿಲಿಲೀಟರ್ ತುಂಬುವವರೆಗೂ ಒಳಗಿನ ಒತ್ತಡ ಅಷ್ಟಾಗಿ ಏರುವುದಿಲ್ಲ. ಸ್ನಾಯು ಸಡಿಲಿಸುತ್ತ ಹೋಗುವುದು ಇದಕ್ಕೆ ಮುಖ್ಯ ಕಾರಣ. ಇನ್ನೊಂದು ಕಾರಣವನ್ನು ಮಕ್ಕಳ ಬೆಲೂನು ಹೇಳಿಕೊಡುತ್ತದೆ. ಊದುವಾಗ ಕಷ್ಟವೆನಿಸುವುದು ಮೊದಲು. ಒಂದಿಷ್ಟು ಉಬ್ಬಿದ ಮೇಲೆ ಸಲೀಸು. ಗೋಳದ ತ್ರಿಜ್ಯ ಹೆಚ್ಚಿದಷ್ಟೂ ಗೋಡೆಯ ಅಷ್ಟೇ ಬಿಗಿತದಿಂದ ಉಂಟಾಗುವ ಒತ್ತಡ ಕಡಿಮೆಯಾಗುವುದೆಂದು ಲಾಪ್ಲಾಸನ ನಿಯಮ ತಿಳಿಸುತ್ತದೆ.

ಹಿಗ್ಗುವುದರಲ್ಲಿ ಗರ್ಭಕೋಶಕ್ಕೆ ಸರಿಸಾಟಿಯಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಅದು ಅರುವತ್ತು ಗ್ರಾಮಿನಷ್ಟು ತೂಗುವ, ಒಂದು ಸಣ್ಣ ಪೇರು ಹಣ್ಣಿನಷ್ಟು ಗಾತ್ರದ ಅಂಗ. ಹೆರಿಗೆಯ ಹೊತ್ತಿಗೆ ಅದರ ತೂಕ ಒಂದು ಕಿಲೋಗ್ರಾಂ. ಒಳಗಿನ ಹರವು ಸುಮಾರು ಐದು ಲೀಟರ್. ಒಂಬತ್ತು ತಿಂಗಳು ಸಡಿಲವಾಗಿದ್ದ ಅದೇ ಸ್ನಾಯು ಕೊನೆಯ ಕೆಲವು ಗಂಟೆಗಳಲ್ಲಿ ಬಿಗಿದು ಮಗುವನ್ನು ಹೊರದೂಡುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮಾಸು ಬಿದ್ದ ಜಾಗದಲ್ಲಿ ಬಾಯಿ ತೆರೆದ ರಕ್ತನಾಳಗಳು ಹೆಣೆದುಕೊಂಡ ಸ್ನಾಯುವಿನ ಎಳೆಗಳ ನಡುವೆ ಹಾಯ್ದಿವೆ. ಸ್ನಾಯು ಬಿಗಿದರೆ ಪ್ರತಿಯೊಂದು ನಾಳಕ್ಕೂ ಗಂಟು ಹಾಕಿದಂತಾಗಿ ರಕ್ತ ನಿಲ್ಲುತ್ತದೆ. ಬಿಗಿಯದೆ ಹೋದರೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೋಗಬಹುದು. ಬಾಣಂತಿಯರ ಸಾವಿಗೆ ಲೋಕದಲ್ಲೆಲ್ಲ ಇದೊಂದು ದೊಡ್ಡ ಕಾರಣ. ಹೆರಿಗೆಯಾದೊಡನೆ ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಔಷಧವನ್ನು ಕೊಡುವುದೂ, ಹೆರಿಗೆ ಆಸ್ಪತ್ರೆಯಲ್ಲಿ ಆಗಬೇಕೆನ್ನುವುದೂ ಇದಕ್ಕಾಗಿಯೇ.

ಗೋಡೆ ಒಡೆದಾಗ

ಟೊಳ್ಳು ಅಂಗಗಳ ನೋವಿಗೂ ತನ್ನದೇ ಆದ ರೀತಿಯುಂಟು. ಕರುಳನ್ನು ಕತ್ತರಿಸಿದರೆ, ಸುಟ್ಟರೆ ನೋವಾಗುವುದಿಲ್ಲ. ಆದರೆ ಅದು ಹಿಗ್ಗಿದರೆ, ಅಡ್ಡಿಯ ವಿರುದ್ಧ ಹಿಂಡಿಕೊಂಡರೆ ತಡೆಯಲಾರದ ನೋವಾಗುತ್ತದೆ. ಪಿತ್ತಕೋಶದ ಕಲ್ಲು, ಮೂತ್ರನಾಳದ ಕಲ್ಲು ಕೊಡುವ ನೋವು ಅಲೆಯಲೆಯಾಗಿ ಬರುವುದು ಸ್ನಾಯುವಿನ ಹಿಂಡುವಿಕೆಯಿಂದ. ಆ ನೋವು ಹುಟ್ಟಿದ ಕಡೆಯೇ ಕಾಣಿಸಿಕೊಳ್ಳುವುದೂ ಇಲ್ಲ. ಅಪೆಂಡಿಕ್ಸ್ ಇರುವುದು ಹೊಟ್ಟೆಯ ಬಲಗಡೆ ಕೆಳಗೆ. ಅದರ ಉರಿಯೂತದ ನೋವು ಮೊದಲು ತೋರುವುದು ಹೊಕ್ಕುಳಿನ ಸುತ್ತ. ಅಪೆಂಡಿಕ್ಸಿನ ನರವೂ ಹೊಕ್ಕುಳಿನ ಚರ್ಮದ ನರವೂ ಬೆನ್ನುಹುರಿಯನ್ನು ಸೇರುವುದು ಒಂದೇ ಮಟ್ಟದಲ್ಲಿ. ಉರಿಯೂತವು ಹೊರಪೊರೆಯನ್ನು ದಾಟಿ ಉದರದ ಒಳಹೊದಿಕೆಗೆ ತಗುಲಿದಾಗ ನೋವು ಬಲಗಡೆಗೆ ಸರಿದು ಅಲ್ಲಿಯೇ ನಿಲ್ಲುತ್ತದೆ.

ಈ ಸರಿದಾಟ ಅಪಾಯದ ಸೂಚನೆ. ಅಪೆಂಡಿಕ್ಸಿನ ಬಾಯಿ ಕಟ್ಟಿಕೊಂಡು, ಒಳಗೆ ಒತ್ತಡ ಹೆಚ್ಚಿ, ಗೋಡೆಗೆ ರಕ್ತ ಬರುವುದು ನಿಂತರೆ ಅದು ಕೊಳೆತು ತೂತಾಗುತ್ತದೆ. ಆಗ ಹಿಗ್ಗುವಿಕೆ ಇಳಿದು ನೋವು ತುಸು ಕಡಿಮೆಯಾದಂತೆ ತೋರಬಹುದು. ಮನೆಯವರು ನಿಟ್ಟುಸಿರು ಬಿಡಬಹುದು. ನಿಜವಾಗಿ ಆಗಿರುವುದೇನೆಂದರೆ, ಅದುವರೆಗೆ ಹೊರಗಿದ್ದುದು ಈಗ ಒಳಗೆ ಬಂದಿದೆ. ಕರುಳಿನ ಬ್ಯಾಕ್ಟೀರಿಯಗಳು ಉದರದ ಕುಹರಕ್ಕೆ ಹರಡಿ, ಹೊಟ್ಟೆ ಹಲಗೆಯಂತೆ ಬಿಗಿದು, ಜ್ವರವೇರಿ ರೋಗಿ ಕುಸಿಯುತ್ತಾನೆ. ಹೊಟ್ಟೆನೋವೆಂದೊಡನೆ ಹರಳೆಣ್ಣೆ ಕುಡಿಸುವ, ಭೇದಿಯ ಔಷಧ ಕೊಡುವ ಪದ್ಧತಿ ಇಂಥ ಸಮಯದಲ್ಲಿ ಘಾತಕವಾಗಬಹುದು. ಅದು ಕೊಳೆತ ಗೋಡೆಯ ಮೇಲೆ ಇನ್ನಷ್ಟು ಒತ್ತಡ ತರುತ್ತದೆ. ಗಂಟೆಗಟ್ಟಲೆ ಬಿಡದ, ಬಲಗಡೆಗೆ ಸರಿದ, ವಾಂತಿಯೋ ಜ್ವರವೋ ಕೂಡಿದ ಹೊಟ್ಟೆನೋವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕುಂಬಾರನ ಗಡಿಗೆಯ ಗೋಡೆ ನಿರ್ಜೀವವಾದುದು. ಒಳಗಿರುವುದು ನೀರೋ ವಿಷವೋ ಅದಕ್ಕೆ ತಿಳಿಯದು; ತುಂಬಿದಷ್ಟೂ ಹಿಗ್ಗದು; ಬಿರುಕು ಬಿಟ್ಟರೆ ಕೂಡದು. ನಮ್ಮೊಳಗಿನ ಟೊಳ್ಳುಗಳ ಗೋಡೆಯಾದರೋ ತನ್ನಲ್ಲಿ ತುಂಬಿದುದನ್ನು ಅರಿಯುತ್ತದೆ, ಅಳೆಯುತ್ತದೆ, ಆರಿಸಿಕೊಳ್ಳುತ್ತದೆ, ಹೊತ್ತರಿತು ಹೊರಗೆ ಕಳುಹಿಸುತ್ತದೆ. ಊಟವಿಲ್ಲದ ಹೊತ್ತಿನಲ್ಲಿಯೂ ಅದು ಸುಮ್ಮನಿರುವುದಿಲ್ಲ. ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಒಂದು ಅಲೆ ಹೊರಟು, ಉಳಿದ ತುಣುಕುಗಳನ್ನೂ ಲೋಳೆಯನ್ನೂ ಗುಡಿಸುತ್ತ ಸಣ್ಣ ಕರುಳಿನ ಕೊನೆಯತ್ತ ಸಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ತರಗತಿಯಲ್ಲಿ ಹೊಟ್ಟೆ ಗುರುಗುಟ್ಟಿ ನೆರೆಯವರು ನಕ್ಕರೆ ಓದುಗರು ನಾಚಬೇಕಾಗಿಲ್ಲ. ಒಳಗೆ ಮನೆ ಗುಡಿಸುವ ಕೆಲಸ ನಡೆದಿದೆಯೆಂದು ತಿಳಿದರೆ ಸಾಕು.